ಸೆಕೆಂಡ್ ಹ್ಯಾಂಡ್ ಲೇತ್: ಹಣ ಕೊಡುವ ಮುನ್ನ ಏನನ್ನು ಅಳೆಯಬೇಕು?

ಪ್ರಶ್ನೆ: ರಾಣೆಬೆನ್ನೂರಿನ ಬಳಿ ಕೃಷಿ ಉಪಕರಣ ಹಾಗೂ ಪಂಪ್ ರಿಪೇರಿಯ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಇದುವರೆಗೆ ಟರ್ನಿಂಗ್ ಕೆಲಸವನ್ನು (ಲೇತಿನಲ್ಲಿ ಲೋಹದ ತುಂಡನ್ನು ತಿರುಗಿಸುತ್ತ ಟೂಲಿನಿಂದ ಕತ್ತರಿಸುವುದನ್ನು) ಹೊರಗೆ ಕೊಟ್ಟು ಮಾಡಿಸುತ್ತಿದ್ದೆ. ಈಗ ಎರಡು ಹಳೆಯ ಲೇತ್‌ಗಳನ್ನು ನೋಡಿದ್ದೇನೆ. ಒಂದು, ಹುಬ್ಬಳ್ಳಿಯಲ್ಲಿ ಮುಚ್ಚುತ್ತಿರುವ ಘಟಕವೊಂದರ ಎಚ್‌ಎಂಟಿ ಎಲ್‌ಬಿ 17. ಇನ್ನೊಂದು, ಡೀಲರ್ ಒಬ್ಬರು ಹೊಸ ಬಣ್ಣ ಹೊಡೆದು ನಿಲ್ಲಿಸಿರುವ ರಾಜ್‌ಕೋಟ್ ತಯಾರಿಕೆಯ ಆರು ಅಡಿ ಲೇತ್. ಎರಡೂ ‘ರನ್ನಿಂಗ್ ಕಂಡೀಶನ್’ ಎನ್ನುತ್ತಾರೆ. ನಾನು ಏನನ್ನು ಪರೀಕ್ಷಿಸಬೇಕು, ಯಾವುದನ್ನು ಕೊಳ್ಳಬೇಕು?

ಉತ್ತರ: ರನ್ನಿಂಗ್ ಕಂಡೀಶನ್ ಎಂದರೆ ಮೋಟಾರ್ ತಿರುಗುತ್ತದೆ, ಜಾಬನ್ನು (ಕತ್ತರಿಸುವ ಲೋಹದ ತುಂಡನ್ನು) ಹಿಡಿಯುವ ಚಕ್ ತಿರುಗುತ್ತದೆ ಎಂದಷ್ಟೇ ಅರ್ಥ. ಜಾಬ್ ಅಳತೆಗೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ನೇಮ್ ಪ್ಲೇಟಿನಲ್ಲಿ ಸಿಗುವುದಿಲ್ಲ. ಎಚ್‌ಎಂಟಿ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಲೇತ್ ತಯಾರಿಕೆ ಆರಂಭಿಸಿತು. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಷ್ಟು ಹಿಂದಿನದು. ಈ ಎರಡು ಹೆಸರುಗಳಿಗೆ ನಮ್ಮ ಕಡೆ ಇರುವ ಗೌರವ ನ್ಯಾಯವಾದದ್ದೇ. ಆದರೆ ಒಳ್ಳೆಯ ಹೆಸರಿನ ಯಂತ್ರವನ್ನೇ ಕಾರ್ಖಾನೆಗಳು ಮೂರು ಶಿಫ್ಟಿನಲ್ಲಿ ದುಡಿಸಿರುತ್ತವೆ. ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ವಾರಕ್ಕೆರಡು ಬಾರಿ ತಿರುಗಿದ ಪಂಜಾಬಿನ ಬಟಾಲಾ ತಯಾರಿಕೆಯ ಸಾಧಾರಣ ಲೇತ್, ಹಾಗೆ ದುಡಿದ ಎಚ್‌ಎಂಟಿಗಿಂತ ನೇರವಾಗಿ ಕತ್ತರಿಸುವುದು ಅಪರೂಪವೇನಲ್ಲ. ಆದ್ದರಿಂದ ಹೆಸರನ್ನು ಬದಿಗಿಟ್ಟು ಅಳತೆಯಿಂದ ಆರಂಭಿಸೋಣ.

ಹಳೆಯ ಲೇತಿನಲ್ಲಿ ನಿಮ್ಮ ವರ್ಕ್‌ಶಾಪಿನಲ್ಲಿ ಸರಿಪಡಿಸಲಾಗದ ಭಾಗಗಳು ಮೂರು: ಬೆಡ್ (ಯಂತ್ರದ ಉದ್ದನೆಯ ತಳಭಾಗ), ಸ್ಪಿಂಡಲ್ (ಚಕ್ ಅನ್ನು ತಿರುಗಿಸುವ ದಂಡ), ಹೆಡ್‌ಸ್ಟಾಕಿನೊಳಗಿನ (ಸ್ಪಿಂಡಲ್ ಇರುವ ಎಡಬದಿಯ ಪೆಟ್ಟಿಗೆಯೊಳಗಿನ) ಗೇರುಗಳು. ಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಈ ಮೂರರಿಂದಲೇ ತೀರ್ಮಾನಿಸಿ. ಉಳಿದ ದೋಷಗಳೆಲ್ಲ ಬೆಲೆ ಇಳಿಸುವುದಕ್ಕೆ. ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ: ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಹ್ಯಾಂಡಲ್ ಅಲ್ಲಾಡಿಸಿ ‘ಪ್ಲೇ (ಸಡಿಲ) ಇದೆ’ ಎಂದು ಯಂತ್ರವನ್ನೇ ಬಿಟ್ಟು ಬರುತ್ತಾರೆ, ಅಥವಾ ಹ್ಯಾಂಡಲ್ ಬಿಗಿಯಾಗಿದೆ ಎಂಬ ಕಾರಣಕ್ಕೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ಹೋಗುವಾಗ ಮ್ಯಾಗ್ನೆಟಿಕ್ ಬೇಸ್ ಸಹಿತ 0.01 ಮಿ.ಮೀ. ತೋರಿಸುವ ಡಯಲ್ ಗೇಜ್, ಮೈಕ್ರೋಮೀಟರ್, ಟಾರ್ಚ್, ಚಿಂದಿ ಬಟ್ಟೆ, ಸೀಮೆಎಣ್ಣೆ ಅಥವಾ ಡೀಸೆಲ್, ಚೂಪಾಗಿ ಅರೆದ ಒಂದು ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್, 40ರಿಂದ 50 ಮಿ.ಮೀ. ದಪ್ಪದ ಒಂದು ಎಂಎಸ್ (ಮೈಲ್ಡ್ ಸ್ಟೀಲ್) ರಾಡಿನ ತುಂಡು ಜೊತೆಗಿರಲಿ. ನೀವು ತಲುಪುವ ಮುನ್ನ ಯಂತ್ರವನ್ನು ಚಾಲೂ ಮಾಡಬಾರದೆಂದು ಫೋನಿನಲ್ಲೇ ಹೇಳಿಡಿ. ತಣ್ಣಗಿರುವ ಯಂತ್ರ ಮಾಡುವ ಸದ್ದಿಗೂ, ಅರ್ಧ ಗಂಟೆ ಓಡಿ ಬಿಸಿಯಾದ ಯಂತ್ರದ ಸದ್ದಿಗೂ ವ್ಯತ್ಯಾಸವಿದೆ. ನಿಮಗೆ ಎರಡೂ ಕೇಳಬೇಕು.

ಮೊದಲು ಬೆಡ್. ಚಕ್‌ನಿಂದ ಒಂದು ಅಡಿಯಷ್ಟು ಉದ್ದದ ಜಾಗದಲ್ಲೇ ಲೇತಿನ ಮುಕ್ಕಾಲು ಕೆಲಸ ನಡೆಯುವುದರಿಂದ ಸವೆತವೂ ಅಲ್ಲೇ ಹೆಚ್ಚು. ಬೆಡ್ ಮೇಲಿನ ಹಳಿಯಂಥ ಗೈಡ್‌ವೇಯನ್ನು ಡೀಸೆಲ್‌ನಲ್ಲಿ ಒರೆಸಿ, ಸ್ಯಾಡಲ್ (ಟೂಲನ್ನು ಹೊತ್ತು ಅದರ ಮೇಲೆ ಓಡುವ ಭಾಗ) ತಲುಪದ ತುದಿಯಿಂದ ಸ್ಯಾಡಲ್ ಓಡಾಡುವ ಭಾಗದ ಕಡೆಗೆ ಉಗುರನ್ನು ಎಳೆಯಿರಿ. ಮೆಟ್ಟಿಲಿನಂಥ ಅಂಚು ಉಗುರಿಗೆ ತಗುಲಿದರೆ ಸವೆತವಿದೆ ಎಂದು ಗೊತ್ತಾಗುತ್ತದೆ, ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಮುಂದಿನ ಪರೀಕ್ಷೆಗೆ ಅಳತೆಯ ಸಾಧನವೇ ಬೇಡ: ಸ್ಯಾಡಲನ್ನು ಚಕ್ ಹತ್ತಿರ ತಂದು ಅದರ ಲಾಕ್ ಬೋಲ್ಟನ್ನು, ಹ್ಯಾಂಡ್‌ವೀಲ್ ತುಸು ಬಿಗಿಯಾಗಿ ತಿರುಗುವಷ್ಟು ಮಾತ್ರ ಬಿಗಿಮಾಡಿ, ನಂತರ ಬಲತುದಿಯಲ್ಲಿ ಜಾಬಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಕಡೆಗೆ ನಡೆಸಿ. ಉದ್ದಕ್ಕೂ ಒಂದೇ ಬಿಗಿ ಇದ್ದರೆ ಸವೆತ ಕಡಿಮೆ. ಅರ್ಧ ದಾರಿಯಲ್ಲಿ ಹ್ಯಾಂಡ್‌ವೀಲ್ ಕಚ್ಚಿಕೊಂಡು ನಿಂತರೆ ಚಕ್ ಬಳಿಯ ಬೆಡ್ ಗಣನೀಯವಾಗಿ ಇಳಿದಿದೆ.

ಎಷ್ಟು ಇಳಿದಿದೆ ಎಂದು ಅಂಕಿಯಲ್ಲಿ ತಿಳಿಯಲು ಟೇಲ್‌ಸ್ಟಾಕಿನ ಗೈಡ್‌ವೇಯನ್ನು ಬಳಸಿಕೊಳ್ಳಿ. ಬಹುಪಾಲು ಲೇತ್‌ಗಳಲ್ಲಿ ಸ್ಯಾಡಲ್ ಓಡುವ ಗೈಡ್‌ವೇ ಬೇರೆ, ಟೇಲ್‌ಸ್ಟಾಕ್ ಕೂರುವ ಗೈಡ್‌ವೇ ಬೇರೆ. ಟೇಲ್‌ಸ್ಟಾಕನ್ನು ದಿನಕ್ಕೆ ಕೆಲವೇ ಸಲ ಸರಿಸುವುದರಿಂದ ಅದರ ಹಾದಿ ಬಹುಮಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಉಳಿದಿರುತ್ತದೆ. ಮ್ಯಾಗ್ನೆಟಿಕ್ ಬೇಸನ್ನು ಸ್ಯಾಡಲ್ ಮೇಲೆ ನಿಲ್ಲಿಸಿ, ಡಯಲಿನ ಮೊನೆಯನ್ನು ಟೇಲ್‌ಸ್ಟಾಕಿನ ಸಪಾಟು ಗೈಡ್‌ವೇ ಮೇಲೆ ಇಟ್ಟು, ಸ್ಯಾಡಲನ್ನು ಬಲತುದಿಯಿಂದ ಚಕ್‌ವರೆಗೆ ನಿಧಾನವಾಗಿ ತನ್ನಿ. ಮುಳ್ಳು ಎಷ್ಟು ಸರಿಯಿತೋ ಸುಮಾರು ಅಷ್ಟು ಸವೆತವಿದೆ. ಸುಮಾರು ಎನ್ನಲು ಕಾರಣವಿದೆ. ಸ್ಯಾಡಲ್ ಸ್ವತಃ ಉದ್ದವಾಗಿರುವುದರಿಂದ ಚಿಕ್ಕ ತಗ್ಗಿನ ಮೇಲೆ ಸೇತುವೆಯಂತೆ ನಿಲ್ಲುತ್ತದೆ, ಹಾಗಾಗಿ ಡಯಲ್ ತೋರಿಸುವುದು ನಿಜವಾದ ಸವೆತಕ್ಕಿಂತ ಕಡಿಮೆಯೇ ಇರುತ್ತದೆ. ರಿಪೇರಿ ವರ್ಕ್‌ಶಾಪಿನ ಮಟ್ಟಿಗೆ ನನ್ನ ಲೆಕ್ಕ ಹೀಗಿದೆ: 0.05 ಮಿ.ಮೀ. ಒಳಗಿದ್ದರೆ ತಲೆಕೆಡಿಸಿಕೊಳ್ಳಬೇಡಿ, 0.10ರ ಆಸುಪಾಸಿನಲ್ಲಿದ್ದರೆ ಚೌಕಾಸಿ ಮಾಡಿ; 0.15 ದಾಟಿದರೆ ಬೆಡ್ ಗ್ರೈಂಡಿಂಗ್ ಖರ್ಚನ್ನು ಬೆಲೆಗೆ ಸೇರಿಸಿಯೇ ಯೋಚಿಸಿ.

ಇಲ್ಲೊಂದು ಲೆಕ್ಕ ತಿಳಿದಿರಬೇಕು. ಟೂಲ್ 0.1 ಮಿ.ಮೀ. ನೇರ ಕೆಳಕ್ಕೆ ಇಳಿದರೆ 50 ಮಿ.ಮೀ. ಜಾಬಿನ ಅಳತೆಯಲ್ಲಿ ಮೈಕ್ರೋಮೀಟರಿಗೆ ಸಿಗುವಷ್ಟೂ ವ್ಯತ್ಯಾಸವಾಗುವುದಿಲ್ಲ. ತೊಂದರೆಯಾಗುವುದು ಬೆಡ್ ಎರಡೂ ಬದಿ ಒಂದೇ ಸಮ ಸವೆಯದಿರುವುದರಿಂದ. ಸ್ಯಾಡಲಿನ ಮುಂಬದಿ ತೂಗುವ ಏಪ್ರನ್‌ನ ಭಾರವೂ ಕತ್ತರಿಸುವ ಒತ್ತಡವೂ ಆಪರೇಟರ್ ಕಡೆಯ ‘ವಿ’ ಆಕಾರದ ಗೈಡ್‌ವೇ ಮೇಲೆ ಹೆಚ್ಚು ಬೀಳುವುದರಿಂದ ಅದು ಹೆಚ್ಚು ಸವೆದು, ಸ್ಯಾಡಲ್ ಮುಂದಕ್ಕೆ ವಾಲುತ್ತದೆ, ಟೂಲಿನ ಮೊನೆ ಜಾಬಿನಿಂದ ಹೊರಕ್ಕೆ ಸರಿಯುತ್ತದೆ. ಸೆಂಟರ್ ಎತ್ತರ (ಬೆಡ್‌ನಿಂದ ಸ್ಪಿಂಡಲ್‌ನ ನಡುವಿನವರೆಗಿನ ಎತ್ತರ) 170 ಮಿ.ಮೀ., ಎರಡು ಗೈಡ್‌ವೇಗಳ ನಡುವಿನ ಅಂತರ 250 ಮಿ.ಮೀ. ಎಂದುಕೊಂಡರೆ, ಮುಂದಿನ ‘ವಿ’ 0.1 ಮಿ.ಮೀ. ಇಳಿದಾಗ ಮೊನೆ ಸುಮಾರು 0.07 ಮಿ.ಮೀ. ಹೊರಬರುತ್ತದೆ, ಜಾಬಿನ ವ್ಯಾಸದಲ್ಲಿ ಅದು 0.13 ಮಿ.ಮೀ.ಗೂ ಹೆಚ್ಚು. ಬೇರಿಂಗ್ ಕೂರಬೇಕಾದ ಶಾಫ್ಟಿನಲ್ಲಿ ಇದು ಭಾರಿ ತಪ್ಪು. ಆದ್ದರಿಂದ ಡಯಲ್ ಪರೀಕ್ಷೆಯನ್ನು ಸ್ಯಾಡಲಿನ ಮುಂಬದಿಯಲ್ಲೂ ಹಿಂಬದಿಯಲ್ಲೂ ಮಾಡಿ, ಎರಡರ ನಡುವಿನ ವ್ಯತ್ಯಾಸವನ್ನು ಬರೆದುಕೊಳ್ಳಿ.

ನೀವು ಪಂಪ್ ಶಾಫ್ಟ್‌ಗಳನ್ನು ಮಾಡುವವರಾದ್ದರಿಂದ ಬೆಡ್ ವಿಷಯದಲ್ಲಿ ಬುಷ್, ವಾಷರ್ ಮಾಡುವವರಿಗಿಂತ ಹೆಚ್ಚು ಕಟ್ಟುನಿಟ್ಟಾಗಿರಬೇಕಾಗುತ್ತದೆ. ಎರಡು ಇಂಚಿನ ಬುಷ್ಷಿಗೆ ಸವೆದ ಬೆಡ್ ಕೂಡ ನೇರವಾಗಿಯೇ ಇರುತ್ತದೆ. ಉದ್ದನೆಯ ಶಾಫ್ಟಿನಲ್ಲಿ ಟೇಪರ್ (ಒಂದು ತುದಿಯ ಕಡೆ ಸಣ್ಣಗಾಗುವುದು) ಬಂದರೆ ಟೇಲ್‌ಸ್ಟಾಕನ್ನು ಸರಿಸಿ ತೆಗೆಯಬಹುದು. ಸವೆದ ಬೆಡ್‌ನಿಂದ ಬರುವ ಹೊಟ್ಟೆಯನ್ನು (ಉಬ್ಬನ್ನು) ಯಾವ ಸೆಟ್ಟಿಂಗಿನಿಂದಲೂ ತೆಗೆಯಲಾಗದು, ಎಮರಿ ಹಿಡಿದು ಉಜ್ಜುತ್ತ ನಿಲ್ಲಬೇಕಾಗುತ್ತದೆ.

ಡೀಲರ್ ‘ಬೆಡ್ ಗ್ರೈಂಡಿಂಗ್ ಆಗಿದೆ’ ಎಂದರೆ ಸಂತೋಷಪಡುವ ಮೊದಲು ಒಂದು ಕೆಲಸ ಮಾಡಿ. ಸ್ಯಾಡಲನ್ನು ಗೇರ್ ಬಾಕ್ಸಿನ ಹತ್ತಿರ ತಂದು, ಥ್ರೆಡ್ ಹೊಡೆಯುವಾಗ ಸ್ಯಾಡಲನ್ನು ನಡೆಸುವ ಲೀಡ್ ಸ್ಕ್ರೂ ನಿಂತಿರುವಾಗ, ಅದನ್ನು ಕಚ್ಚುವ ಹಾಫ್ ನಟ್ ಲಿವರನ್ನು ಮೆಲ್ಲಗೆ ಹಾಕುತ್ತ ಲೀಡ್ ಸ್ಕ್ರೂವನ್ನೇ ದಿಟ್ಟಿಸಿ. ನಟ್ ಕಚ್ಚುವಾಗ ಸ್ಕ್ರೂ ಕದಲದಿದ್ದರೆ ಸರಿ. ಅದು ಕೆಳಕ್ಕೆ ಬಾಗಿದರೆ, ಗ್ರೈಂಡಿಂಗ್ ಮಾಡಿದವರು ಬೆಡ್ಡನ್ನಷ್ಟೇ ಕೊರೆದು, ಸ್ಯಾಡಲ್ ಇಳಿದಷ್ಟನ್ನು ತಳದಲ್ಲಿ ತುಂಬಿಕೊಡದೆ ಬಿಟ್ಟಿದ್ದಾರೆ ಎಂದರ್ಥ. ಏಪ್ರನ್ ಇಡಿಯಾಗಿ ತಗ್ಗಿರುವುದರಿಂದ ಥ್ರೆಡ್ ಹೊಡೆಯುವಾಗಲೆಲ್ಲ ಲೀಡ್ ಸ್ಕ್ರೂ ಬಾಗುತ್ತ ಸವೆಯುತ್ತದೆ. ಗ್ರೈಂಡಿಂಗೇ ಆಗದ, ಬರೀ ಸವೆದ ಯಂತ್ರದಲ್ಲೂ ಇದೇ ಲಕ್ಷಣ ಅಲ್ಪಮಟ್ಟಿಗೆ ಕಾಣಬಹುದು. ಹಾಗೆಯೇ ಬೆಡ್ ಮೇಲೆ ಅರ್ಧಚಂದ್ರಾಕಾರದ ಸ್ಕ್ರೇಪಿಂಗ್ ಗುರುತುಗಳು ಹೊಳೆಯುತ್ತಿದ್ದರೆ ಮರುಳಾಗಬೇಡಿ. ಸವೆದ ಬೆಡ್ ಮೇಲೂ ಅಂಥ ಗುರುತು ಹಾಕಿಕೊಡುವವರಿದ್ದಾರೆ, ಬಣ್ಣ ಹೊಡೆಯುವುದಕ್ಕಿಂತ ಸ್ವಲ್ಪ ಹೆಚ್ಚು ಶ್ರಮ ಅಷ್ಟೆ. ಬೆಡ್‌ನ ಕಾಲುಗಳ ಬಳಿ, ಗ್ಯಾಪ್‌ನ (ದೊಡ್ಡ ಜಾಬಿಗಾಗಿ ಚಕ್ ಕೆಳಗೆ ಬೆಡ್‌ನಲ್ಲಿ ಬಿಟ್ಟ ತಗ್ಗಿನ) ಮೂಲೆಗಳಲ್ಲಿ ಟಾರ್ಚ್ ಹಾಕಿ ನೋಡಿ. ಸಾಗಿಸುವಾಗ ಬಿದ್ದ ಯಂತ್ರದ ಬಿರುಕನ್ನು ಪುಟ್ಟಿಯ ಕೆಳಗೆ ಮುಚ್ಚಿರುತ್ತಾರೆ. ಗ್ಯಾಪ್ ಬೆಡ್ ಆಗಿದ್ದರೆ ಗ್ಯಾಪಿನ ತುಂಡು ಇದೆಯೇ, ಅದು ಕೂತ ಜಾಗದಲ್ಲಿ ಮೆಟ್ಟಿಲಾಗಿದೆಯೇ ನೋಡಬೇಕು. ಬ್ರೇಕ್ ಡ್ರಮ್, ದೊಡ್ಡ ಪುಲ್ಲಿಗಳಿಗೆ ನಿಮಗೆ ಗ್ಯಾಪ್ ಬೇಕೇಬೇಕಾಗುತ್ತದೆ.

ಈಗ ಸ್ಪಿಂಡಲ್. ಚಕ್ ಬಿಚ್ಚಿಸಲು ಒಪ್ಪದ ಮಾರಾಟಗಾರರೊಡನೆ ವ್ಯವಹಾರ ಮುಂದುವರಿಸಬೇಡಿ. ಚಕ್ ಬಿಚ್ಚಿ, ಸ್ಪಿಂಡಲ್ ಮೂಗಿನ ಒಳಟೇಪರನ್ನು ಬಟ್ಟೆಯಿಂದ ಒರೆಸಿ, ಡಯಲಿನ ಮೊನೆಯನ್ನು ಅಲ್ಲಿ ತಾಗಿಸಿ ಕೈಯಿಂದ ತಿರುಗಿಸಿ ನೋಡಿ. ಹೊಸ ಲೇತಿನಲ್ಲಿ 0.01 ಮಿ.ಮೀ. ಒಳಗಿರಬೇಕಾದ ಈ ರನ್ಔಟ್ (ತಿರುಗುವಾಗಿನ ಓಲಾಟ) ನಿಮ್ಮ ಯಂತ್ರದಲ್ಲಿ 0.02 ಇದ್ದರೂ ರಿಪೇರಿ ಕೆಲಸಕ್ಕೆ ನಡೆಯುತ್ತದೆ. ಚಕ್‌ನಲ್ಲಿ ರಾಡ್ ಹಿಡಿದು ರಾಡ್ ಮೇಲೆ ಡಯಲ್ ಇಟ್ಟು ಅಳೆಯುವುದು ಬೇಡ. ಅದರಲ್ಲಿ ಕಾಣುವ ತಪ್ಪು ಬಹುತೇಕ ಹಳೇ ತ್ರೀ ಜಾ ಚಕ್‌ನದ್ದು. ಮುಂದಿನದು ಬೇರಿಂಗಿನ ಸಡಿಲ: ಚಕ್ ಹಾಕಿ, ಎರಡಡಿ ಉದ್ದದ ಗಟ್ಟಿ ರಾಡನ್ನು ಹಿಡಿಸಿ, ಡಯಲನ್ನು ಚಕ್‌ನ ಹಿಂಬದಿಯಲ್ಲಿ ಸ್ಪಿಂಡಲ್ ಮೇಲೆ ನಿಲ್ಲಿಸಿ, ರಾಡನ್ನು ಮೇಲಕ್ಕೆ ಎತ್ತಿ ಬಿಡಿ. ಮುಳ್ಳು 0.02ರಿಂದ 0.03ರ ಮೇಲೆ ಹೋದರೆ ಬೇರಿಂಗ್ ಸಡಿಲವಾಗಿದೆ. ಟೇಪರ್ ರೋಲರ್ ಬೇರಿಂಗ್ ಇರುವ ಯಂತ್ರದಲ್ಲಿ ನಟ್ ಬಿಗಿಮಾಡಿ ಇದನ್ನು ಸರಿಪಡಿಸಬಹುದು, ಆದರೆ ಬಿಗಿಮಾಡಿದ ಮೇಲೆ ಹೆಡ್‌ಸ್ಟಾಕ್ ಬಿಸಿಯಾಗುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಮೇಲಿನ ಸ್ಪೀಡಿನಲ್ಲಿ ಅರ್ಧ ಗಂಟೆ ಓಡಿಸಿ, ಮುಂದಿನ ಬೇರಿಂಗ್ ಮೇಲೆ ಅಂಗೈ ಇಡಿ. ಬೆಚ್ಚಗಿರುವುದು ಸಹಜ, ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಹೋಗಿದೆ. ಹೊಸ ಬೇರಿಂಗ್ ಸೆಟ್‌ಗೆ ಬೀಳುವ ಖರ್ಚನ್ನು ಬೇರಿಂಗ್ ಅಂಗಡಿಯಲ್ಲಿ ಮೊದಲೇ ಕೇಳಿಕೊಂಡಿರಿ.

ಹೆಡ್‌ಸ್ಟಾಕಿನ ಮುಚ್ಚಳ ತೆಗೆಸಿ ಗೇರುಗಳನ್ನು ಕೈಯಿಂದ ತಿರುಗಿಸುತ್ತ ಹಲ್ಲುಗಳನ್ನು ಒಂದೊಂದಾಗಿ ನೋಡಿ. ಮುರಿದ ಹಲ್ಲು, ವೆಲ್ಡ್ ಮಾಡಿ ಫೈಲ್ ಹಿಡಿದ ಹಲ್ಲು, ಗೇರ್ ಬದಲಿಸುವಾಗ ಕೊನೆ ಜಜ್ಜಿಹೋದ ಹಲ್ಲು ಇವು ಕಣ್ಣಿಗೆ ಸಿಗುತ್ತವೆ. ಆಯಿಲ್ ಬದಲು ಗ್ರೀಸ್ ತುಂಬಿದ್ದರೆ ಅದು ಸದ್ದು ಅಡಗಿಸಲು ಹೂಡಿದ ಉಪಾಯ. ತಳದ ಆಯಿಲನ್ನು ಬೆರಳಲ್ಲಿ ತೆಗೆದು ಬೆಳಕಿಗೆ ಹಿಡಿದಾಗ ಹೊಳೆಯುವ ಸಣ್ಣ ಪುಡಿ ಸಾಮಾನ್ಯ. ಉಗುರಿನಿಂದ ಎತ್ತಬಹುದಾದ ಚಕ್ಕೆಗಳು ಸಾಮಾನ್ಯವಲ್ಲ. ಆ ನಂತರ ಪ್ರತಿಯೊಂದು ಸ್ಪೀಡಿನಲ್ಲೂ, ಹಿಂದಕ್ಕೂ ಮುಂದಕ್ಕೂ, ಓಡಿಸಿ ಕೇಳಿ. ಎಲ್ಲ ಸ್ಪೀಡಿನಲ್ಲೂ ಒಂದೇ ಬಗೆಯ ಗುಂಯ್ ಇದ್ದರೆ ಹಳೇ ಗೇರುಗಳ ಸಹಜ ದನಿ, ಯಾವುದೋ ಒಂದು ಸ್ಪೀಡಿನಲ್ಲಿ ಮಾತ್ರ ಟಕ್ ಟಕ್ ಎಂದರೆ ಆ ಜೋಡಿಯಲ್ಲಿ ಹಲ್ಲು ಹೋಗಿದೆ. ಲಿವರ್ ತಾನಾಗಿ ಜಾರಿ ನ್ಯೂಟ್ರಲಿಗೆ ಬರುತ್ತದೆಯೇ ಎಂಬುದನ್ನು ಲೋಡ್ ಕೊಟ್ಟಾಗಲೇ ತಿಳಿಯಬಹುದು.

ಹಾಗಾಗಿ ಜಾಬ್ ಕತ್ತರಿಸಿ ನೋಡದೆ ಹಿಂತಿರುಗಬೇಡಿ. ತಂದ ರಾಡನ್ನು ಚಕ್‌ನಿಂದ 200 ಮಿ.ಮೀ.ಯಷ್ಟು ಹೊರಗಿಟ್ಟು, ಟೇಲ್‌ಸ್ಟಾಕ್ ಆಸರೆ ಇಲ್ಲದೆ, ನಡುವಿನ ಭಾಗವನ್ನು ತುಸು ತಗ್ಗಿಸಿ ಎರಡು ತುದಿಯಲ್ಲಿ ಎರಡು ಕಾಲರ್ (ದಪ್ಪನೆಯ ಪಟ್ಟಿ) ಉಳಿಸಿಕೊಳ್ಳಿ. ಅವುಗಳ ನಡುವೆ 150 ಮಿ.ಮೀ. ಅಂತರವಿರಲಿ. ಕೊನೆಯದಾಗಿ 0.1 ಮಿ.ಮೀ. ಕಟ್ ಕೊಟ್ಟು, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಕಾಲರನ್ನು ಒಂದೇ ಓಟದಲ್ಲಿ ಟರ್ನ್ ಮಾಡಿ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಲೇತ್‌ಗಳ ನಿಖರತೆಗೆ ಇರುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 1708 ಹೊಸ ಯಂತ್ರಕ್ಕೆ 300 ಮಿ.ಮೀ. ಉದ್ದದಲ್ಲಿ ವ್ಯಾಸದ ವ್ಯತ್ಯಾಸವನ್ನು 0.04ಕ್ಕೆ ಮಿತಗೊಳಿಸುತ್ತದೆ, ಅಂದರೆ ನಿಮ್ಮ 150ಕ್ಕೆ 0.02. ಹಳೆಯ ಯಂತ್ರದಲ್ಲಿ ಇದರ ಇಮ್ಮಡಿ ಬಂದರೂ ಗಾಬರಿಯಾಗಬೇಡಿ, ಏಕೆಂದರೆ ಈ ತಪ್ಪಿಗೆ ಸವೆತ ಮಾತ್ರವೇ ಕಾರಣವಲ್ಲ. ನೆಲ ಸಮವಿಲ್ಲದ ಕಡೆ ಹೇಗೋ ನಿಲ್ಲಿಸಿದ ಲೇತಿನ ಬೆಡ್ ಹಗ್ಗದಂತೆ ತಿರುಚಿಕೊಂಡಿರುತ್ತದೆ, ಮತ್ತು ಅದು ಲೆವೆಲ್ ಮಾಡಿದೊಡನೆ ಸರಿಹೋಗುವ ದೋಷ. ಡೀಲರ್ ಗೋದಾಮಿನಲ್ಲಿ ಇಟ್ಟಿಗೆ ತುಂಡುಗಳ ಮೇಲೆ ನಿಂತ ಯಂತ್ರವನ್ನು ಈ ಒಂದೇ ಪರೀಕ್ಷೆಯಿಂದ ತಿರಸ್ಕರಿಸುವುದು ಅನ್ಯಾಯ. ಡಯಲ್ ಪರೀಕ್ಷೆಯ ಫಲಿತಾಂಶದ ಜೊತೆಗಿಟ್ಟು ನೋಡಿ. ಸಾಧ್ಯವಾದರೆ ಒಂದು ದೊಡ್ಡ ಪ್ಲೇಟನ್ನು ಫೇಸಿಂಗ್ ಮಾಡಿ (ಅದರ ಮುಖವನ್ನು ಸಪಾಟಾಗಿ ಕತ್ತರಿಸಿ) ಸ್ಟ್ರೈಟ್ ಎಡ್ಜ್ ಇಡಿ: ನಡುವೆ ಕೂದಲೆಳೆಯಷ್ಟು ತಗ್ಗಿದ್ದರೆ ಒಪ್ಪಬಹುದು, ನಡು ಉಬ್ಬಿದ್ದರೆ ಒಪ್ಪುವಂತಿಲ್ಲ.

ಇನ್ನುಳಿದದ್ದನ್ನು ಬೇಗ ಮುಗಿಸಬಹುದು. ಕ್ರಾಸ್ ಸ್ಲೈಡಿನ ಬ್ಯಾಕ್‌ಲ್ಯಾಷ್ (ಹ್ಯಾಂಡಲಿನ ಪ್ಲೇ) ಗನ್‌ಮೆಟಲ್ ನಟ್ ಸವೆದಿರುವುದರಿಂದ ಬರುತ್ತದೆ. ಅದನ್ನು ಇದೇ ಲೇತಿನಲ್ಲಿ ನೀವೇ ಮಾಡಿ ಹಾಕಬಹುದು. ಲೀಡ್ ಸ್ಕ್ರೂ ಮಾತ್ರ ಹಾಗಲ್ಲ: ಹಾಫ್ ನಟ್ ಹಾಕಿ ಸ್ಯಾಡಲನ್ನು ಎಡಬಲಕ್ಕೆ ತಳ್ಳಿ, ಚಕ್ ಬಳಿ ಎಷ್ಟು ಅಲುಗುತ್ತದೆ, ಬಲತುದಿಯಲ್ಲಿ ಎಷ್ಟು ಅಲುಗುತ್ತದೆ ಹೋಲಿಸಿ. ವ್ಯತ್ಯಾಸ ದೊಡ್ಡದಿದ್ದರೆ ಸ್ಕ್ರೂ ಸವೆದಿದೆ. ಒಂದು ಥ್ರೆಡ್ ಹೊಡೆದು ನೋಡುವುದು ಎಲ್ಲಕ್ಕಿಂತ ಉತ್ತಮ. ಟೇಲ್‌ಸ್ಟಾಕ್ ಸಾಮಾನ್ಯವಾಗಿ ತಳ ಸವೆದು ಸೆಂಟರಿನಿಂದ ಕೆಳಗಿಳಿದಿರುತ್ತದೆ, ಪ್ಯಾಕಿಂಗ್ ಕೊಟ್ಟು ಎತ್ತಬಹುದು. ಸ್ಪಿಂಡಲ್ ಬೋರನ್ನು ಕ್ಯಾಲಿಪರಿನಲ್ಲಿ ಅಳೆದು ನಿಮ್ಮ ದಪ್ಪನೆಯ ಶಾಫ್ಟ್ ಒಳಹೋಗುತ್ತದೆಯೇ ಖಚಿತಪಡಿಸಿಕೊಳ್ಳಿ. ಆರು ಅಡಿ ಲೇತ್ ಎಂದರೆ ಬೆಡ್‌ನ ಉದ್ದ ಆರು ಅಡಿ, ಸೆಂಟರುಗಳ ನಡುವೆ ಜಾಬಿಗೆ ಸಿಗುವುದು ಸುಮಾರು ಒಂದು ಮೀಟರ್ ಮಾತ್ರ, ಇದನ್ನು ಎಷ್ಟೋ ಜನ ಯಂತ್ರ ಮನೆಗೆ ಬಂದ ಮೇಲೆ ಅರಿಯುತ್ತಾರೆ. ಫೋರ್ ಜಾ ಚಕ್, ಸ್ಟೆಡಿ (ಉದ್ದನೆಯ ಜಾಬಿಗೆ ನಡುವೆ ಕೊಡುವ ಆಸರೆ), ಫೇಸ್ ಪ್ಲೇಟ್, ಚೇಂಜ್ ಗೇರುಗಳ ಪೂರ್ತಿ ಸೆಟ್ ಇವು ಬೆಲೆಯಲ್ಲೇ ಸೇರಿವೆಯೇ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ‘ಆಮೇಲೆ ಕಳಿಸುತ್ತೇನೆ’ ಎಂದ ಗೇರು ಬಂದದ್ದನ್ನು ನಾನು ಕಂಡದ್ದು ಕಡಿಮೆ. ಮೋಟಾರ್ ತ್ರೀ ಫೇಸ್ ಆಗಿದ್ದರೆ ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಕರೆಂಟ್ ಹೆಚ್ಚುಕಡಿಮೆ ಒಂದೇ ಇದೆಯೇ ನೋಡಿ. ಮೋಟಾರ್ ಸುಟ್ಟಿದ್ದರೂ ರೀವೈಂಡಿಂಗ್ ಮಾಡಿಸಬಹುದು, ಆ ಕಾರಣಕ್ಕೆ ಒಳ್ಳೆಯ ಬೆಡ್ಡನ್ನು ಕೈಬಿಡಬಾರದು.

ನಿಮ್ಮ ಎರಡು ಯಂತ್ರಗಳಿಗೆ ಬರುವುದಾದರೆ, ಮುಚ್ಚುತ್ತಿರುವ ಘಟಕದಲ್ಲಿ ತನ್ನ ಫೌಂಡೇಶನ್ ಮೇಲೇ ನಿಂತು, ತನ್ನದೇ ಕರೆಂಟಿನಲ್ಲಿ ಓಡುತ್ತಿರುವ ಎಲ್‌ಬಿ 17ನ್ನು ಮೊದಲು ನೋಡಿ ಎಂದು ಹೇಳುತ್ತೇನೆ. ಎಚ್‌ಎಂಟಿ ಎಂಬ ಕಾರಣಕ್ಕಲ್ಲ. ಅದನ್ನು ನಡೆಸಿದ ಆಪರೇಟರ್ ಇನ್ನೂ ಅಲ್ಲೇ ಇರಬಹುದು, ಯಾವ ಗೇರ್ ಹಾಕುವಾಗ ಎಚ್ಚರ ಬೇಕೆಂದು ಅವರೇ ಹೇಳುತ್ತಾರೆ, ಮತ್ತು ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಅಲ್ಲಿ ನ್ಯಾಯವಾಗಿ ನಡೆಯುತ್ತವೆ. ಆದರೆ 170 ಮಿ.ಮೀ. ಸೆಂಟರ್ ಎತ್ತರ ನಿಮ್ಮ ದೊಡ್ಡ ಪುಲ್ಲಿಗಳಿಗೆ ಸಾಲದಿದ್ದರೆ ಅದು ಎಷ್ಟೇ ನೇರವಾಗಿದ್ದರೂ ನಿಮ್ಮ ಯಂತ್ರವಲ್ಲ. ರಾಜ್‌ಕೋಟ್ ಲೇತಿನ ಬಣ್ಣ ಕೆಟ್ಟ ಲಕ್ಷಣವೇನಲ್ಲ, ಡೀಲರುಗಳೆಲ್ಲ ಬಣ್ಣ ಹೊಡೆಯುತ್ತಾರೆ. ಬೆಡ್‌ನಲ್ಲಿ ಅದು 0.08ರೊಳಗೆ ಬಂದು, ಹೆಡ್‌ಸ್ಟಾಕ್ ತಣ್ಣಗೆ ಓಡಿದರೆ, ರಿಪೇರಿ ಕೆಲಸಕ್ಕೆ ಅದೇ ಹೆಚ್ಚು ಒದಗಬಹುದು, ಬಿಡಿಭಾಗವೂ ಅಗ್ಗ. ಎರಡರಲ್ಲೂ ಬೆಡ್ 0.15 ದಾಟಿದ್ದರೆ ಯಂತ್ರದ ತೂಕವನ್ನು ಗುಜರಿ ದರದಿಂದ ಗುಣಿಸಿ ಬರುವ ಮೊತ್ತದಿಂದ ಚೌಕಾಸಿ ಆರಂಭಿಸಿ, ಇಲ್ಲವೇ ಮೂರನೆಯದನ್ನು ಹುಡುಕಿ. ಘಟಕದ ಯಂತ್ರ ಬ್ಯಾಂಕ್ ಅಥವಾ ರಾಜ್ಯ ಹಣಕಾಸು ಸಂಸ್ಥೆಯ ಸಾಲಕ್ಕೆ ಒತ್ತೆಯಾಗಿಲ್ಲ ಎಂಬ ಬಾಕಿ ಇಲ್ಲದ ಪತ್ರವನ್ನು ನೋಡಿ, ಬಿಲ್ ಪಡೆದೇ ಹಣ ಕೊಡಿ.

ಸಾಗಿಸುವಾಗ ಟೇಲ್‌ಸ್ಟಾಕ್ ಮತ್ತು ಸ್ಯಾಡಲನ್ನು ಬಲತುದಿಗೆ ಸರಿಸಿ ಲಾಕ್ ಮಾಡಿ, ಎತ್ತುವ ಬೆಲ್ಟನ್ನು ಬೆಡ್‌ನ ಅಡ್ಡಪಟ್ಟಿಗಳಿಗೆ ಹಾಕಿ ಎತ್ತಿಸಿ. ಲೀಡ್ ಸ್ಕ್ರೂ ಮೇಲೆ ಬೆಲ್ಟ್ ಒರಗಿದರೆ ಅಲ್ಲಿಯವರೆಗೆ ಮಾಡಿದ ಪರೀಕ್ಷೆಯೆಲ್ಲ ವ್ಯರ್ಥ. ಭಾರವೆಲ್ಲ ಹೆಡ್‌ಸ್ಟಾಕ್ ಕಡೆ ಇರುವುದರಿಂದ ಕ್ರೇನ್ ಕೊಕ್ಕೆ ಆ ಬದಿಗೆ ಸಮೀಪವಿರಬೇಕು. ವರ್ಕ್‌ಶಾಪಿನಲ್ಲಿ ಮೀಟರಿಗೆ 0.02 ಮಿ.ಮೀ. ತೋರಿಸುವ ಪ್ರಿಸಿಶನ್ ಲೆವೆಲ್ ಇಟ್ಟು, ಬೆಡ್‌ನ ಎರಡೂ ತುದಿಯಲ್ಲಿ ಅಡ್ಡಲಾಗಿ ಒಂದೇ ಓದು ಬರುವವರೆಗೆ ಪ್ಯಾಕಿಂಗ್ ಹೊಂದಿಸಿ, ಎರಡು ಕಾಲರಿನ ಪರೀಕ್ಷೆಯನ್ನು ಮತ್ತೆ ಮಾಡಿ. ಹೊಸ ಕಾಂಕ್ರೀಟ್ ಕೂರಲು ಸಮಯ ಹಿಡಿಯುವುದರಿಂದ ಕೆಲವು ವಾರಗಳ ನಂತರ ಲೆವೆಲನ್ನು ಇನ್ನೊಮ್ಮೆ ನೋಡಿ, ಅಲ್ಲಿಯವರೆಗೆ ಟೇಲ್‌ಸ್ಟಾಕ್ ಸೆಟ್ಟಿಂಗ್ ಮುಟ್ಟಬೇಡಿ.